ಇವತ್ತೇ ಖಾಲಿಯಾಗಬೇಕಾದ ಬಾಟಲಿ

ಬೆಳಕೆ ಎಂಬ ಊರಿನ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮೀನಿನ ಬುಟ್ಟಿಗೆ ಮರ್ಯಾದೆ ಹೆಚ್ಚು. ಮನೆ ಎಂದರೆ ಒಂದು ಜಗಲಿ, ಒಂದು ಒಳಕೋಣೆ, ಹಿಂದೆ ಮಾಡು ಇಳಿಸಿ ಮಾಡಿಕೊಂಡ ಒಲೆಯ ಜಾಗ. ಒಳಕೋಣೆಯಲ್ಲಿ ಅಜ್ಜಿಯ ಚಾಪೆ, ನಮ್ಮ ತಾಯಿ, ಆಯಿಯ ಹಳೇ ಸೀರೆ ಕಟ್ಟಿದ ತೊಟ್ಟಿಲು, ಅದರಲ್ಲಿ ತಂಗಿ ನಾಗು. ಉಳಿದ ನೆಲ ನನ್ನದು. ಅಪ್ಪ ಬೋಟಿನ ಮೇಲೆ ದಕ್ಷಿಣದ ಬಂದರುಗಳ ಕಡೆ ಹೋದವನು, ಹಬ್ಬಕ್ಕೊಮ್ಮೆ ಮಳೆಗಾಲಕ್ಕೊಮ್ಮೆ ಬರುವ ನೆಂಟ. ಬುಟ್ಟಿ ಮಾತ್ರ ದಿನವೂ ಮನೆಯಲ್ಲೇ, ಜಗಲಿಯ ಮೂಲೆಯಲ್ಲಿ ಮಗುಚಿಕೊಂಡು ಕೂತಿರುತ್ತಿತ್ತು. ಅದನ್ನು ದಾಟಿದರೆ ಅಜ್ಜಿ ಕಾಲಿಗೆ ಬಾರಿಸುತ್ತಿದ್ದಳು. ಬೆಳಗಾದರೆ ಆಯಿ ಮೊದಲು ಬುಟ್ಟಿಗೆ ಕೈಮುಗಿದು ಆಮೇಲೆ ದೇವರ ಪಟದ ಕಡೆ ತಿರುಗುತ್ತಿದ್ದಳು. ದಡಕ್ಕೆ ಹೋಗಿ ಏಲಂ ಕೂಗುವಲ್ಲಿ ಮೀನು ಕೊಂಡು, ಊರೂರು ತಿರುಗಿ, ಮಧ್ಯಾಹ್ನ ದಾಟಿದ ಮೇಲೆ ಮನೆಗೆ ಬರುತ್ತಿದ್ದಳು. ಅವಳು ಬರುವ ಮೊದಲು ಅವಳ ಕೂಗು ಬರುತ್ತಿತ್ತು. ಮಾರಲು ಏನೂ ಉಳಿಯದ ದಿನವೂ ನಮ್ಮ ಗದ್ದೆಯ ಅಂಚಿಗೆ ಬಂದವಳು ರೂಢಿಯಿಂದ ಒಮ್ಮೆ “ಮೀನೂ…” ಎಂದು ಕೂಗಿಯೇ ಒಳಗೆ ಬರುತ್ತಿದ್ದಳು.

ನಮ್ಮ ಮನೆಯ ಶಾಲೆ ನಡೆಯುತ್ತಿದ್ದದ್ದು ಊಟದ ಹೊತ್ತಿಗೆ. ಕುಚ್ಚಲಕ್ಕಿ ಗಂಜಿ, ಒಣ ಶೆಟ್ಲಿ ಸಿಗಡಿಯ ಚಟ್ನಿ, ಆಯಿಯ ಬುಟ್ಟಿಯಲ್ಲಿ ಯಾರೂ ಮುಟ್ಟದೆ ಉಳಿದ ನಾಲ್ಕು ತಾರ್ಲೆ ಮೀನು. ಒಳ್ಳೆಯ ಬಂಗಡೆಯ ರುಚಿ, ಒಂದೇ ಒಂದು ದಿನ ಬಿಟ್ಟರೆ, ನನಗೆ ಗೊತ್ತಾದದ್ದು ನಾನೇ ದುಡಿಯಲು ಶುರುಮಾಡಿದ ಮೇಲೆ. ಊಟ ಮಾಡುತ್ತಲೇ ಆಯಿ ಆ ದಿನದ ವ್ಯಾಪಾರವನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಕಿವಿರು ಎತ್ತಿ ನೋಡದೆ ಮೀನು ಮುಟ್ಟಬೇಡ. ಮೊದಲು ಹೇಳಿದ ದರಕ್ಕೆ ಕಣ್ಣೆತ್ತಿಯೂ ನೋಡಬೇಡ. ಬೇಕು ಅನ್ನಿಸಿದ್ದರ ಮುಂದೆ ನಿಲ್ಲಬೇಡ, ಪಕ್ಕದ್ದರ ಮುಂದೆ ನಿಲ್ಲು. ಇವೆಲ್ಲ ಇವತ್ತಿಗೂ ನಡೆಯುವ ಮಾತು. ಹೊನ್ನಾವರದಲ್ಲಿ ನನ್ನ ಒಣಮೀನಿನ ಗೋದಾಮಿಗೆ ಬಂದು ಕೂತರೆ ನಾನೂ ಇದನ್ನೇ ಹೇಳಿಕೊಡುತ್ತೇನೆ. ಆದರೆ ಎಲ್ಲಕ್ಕಿಂತ ಮೇಲಿನ ಪಾಠ ಬೇರೆ ಇತ್ತು. ಅದನ್ನು ಆಯಿ ಬೆರಳು ನೆಕ್ಕುತ್ತ, ದೊಡ್ಡ ಗುಟ್ಟು ಹೇಳಿದ ಹಾಗೆ ಹೇಳುತ್ತಿದ್ದಳು.

“ಕೇಳಿ ತಕಂಡ ಕೊಸರು ನಿಂದು. ಕೇಳದೇ ಕೊಟ್ಟ ಕೊಸರು ಅವಂದು. ಇವತ್ತೇ ಖಾಲಿ ಆಗ್ಬೇಕು ಅಂದ ಅಂದ್ರೆ ಅದು ನಿನ್ನೆ ಮೀನು, ತಿಳೀತಾ?”

ತಿಳಿಯಿತು. ಹತ್ತು ತುಂಬುವ ಮೊದಲೇ ನಾನು ಅದರಲ್ಲಿ ಪಳಗಿದ್ದೆ. ಆಯಿಗೆ ಓದು ಬರುತ್ತಿರಲಿಲ್ಲ. ದಡದಲ್ಲಿ ನಾಲ್ಕು ಗಂಡಸರನ್ನು ಮಾತಲ್ಲೇ ಕಟ್ಟಿಹಾಕುವವಳು ಮೇಜು, ಕಾಗದ, ಬಿಳಿ ಬಟ್ಟೆ ಕಂಡರೆ ಬಾಯಿ ಕಟ್ಟಿದವಳ ಹಾಗೆ ಆಗುತ್ತಿದ್ದಳು. ಹಾಗಾಗಿ ಪಂಚಾಯ್ತಿಯಲ್ಲಿ, ರೇಶನ್ ಅಂಗಡಿಯಲ್ಲಿ, ಶಾಲೆಯ ಮಾಸ್ತರ ಮುಂದೆ ನಮ್ಮ ಮನೆಯ ಬಾಯಿ ನಾನು. ಆಯಿ ಹಿಂದೆ ನಿಂತು ಬೆನ್ನಿಗೆ ಬೆರಳಿಂದ ತಿವಿಯುತ್ತಿದ್ದಳು. ಒಂದು ಸಲ ತಿವಿದರೆ ಬಿಡಬೇಡ ಎಂದು ಅರ್ಥ, ಎರಡು ಸಲ ತಿವಿದರೆ ಸಾಕು ನಡೆ ಎಂದು. ಈ ಹುಡುಗಿ ಲಂಗ ಹಾಕಿದ ವಕೀಲ ಎಂದು ಕೇರಿಯವರು ನಗುತ್ತಿದ್ದರು. ಆ ಮಾತು ಕೇಳಿದರೆ ನನಗೆ ಎರಡು ದಿನ ನೆಲ ಕಾಣುತ್ತಿರಲಿಲ್ಲ.

ಮಳೆ ಹಿಂದೆ ಸರಿದು ಬೋಟುಗಳು ಮತ್ತೆ ನೀರಿಗಿಳಿದ ಸಮಯದಲ್ಲಿ ನಾಗುವಿಗೆ ವಾಂತಿಭೇದಿ ಹಿಡಿಯಿತು. ಆಗ ಅವಳಿಗೆ ಹತ್ತು ತಿಂಗಳು. ಅಜ್ಜಿ ಎರಡು ದಿನ ದಾಳಿಂಬೆ ಸಿಪ್ಪೆ ತೇದು ನೆಕ್ಕಿಸಿದಳು. ಮೂರನೇ ಬೆಳಿಗ್ಗೆ ಮಗುವಿನ ನೆತ್ತಿ ಒಳಗೆ ಕುಸಿದದ್ದನ್ನು ನೋಡಿ ಆಯಿ ಬುಟ್ಟಿ ಬಿಟ್ಟು ಮಗುವನ್ನೆತ್ತಿ ಬಸ್ಸಿಗೆ ಓಡಿದಳು. ಹಿಂದೆ ನಾನು. ಪೇಟೆಯ ಆಸ್ಪತ್ರೆಯಲ್ಲಿ ನಾಗುವಿಗೆ ಸಲೈನ್ ಹಾಕಿ ಮೂರು ದಿನ ಇಟ್ಟುಕೊಂಡರು. ನಾವಿಬ್ಬರೂ ಮಂಚದ ಕೆಳಗೆ ಮಲಗಿ, ಬನ್ನು ಚಹಾದಲ್ಲಿ ಅದ್ದಿ ತಿಂದು ಕಾಲ ಕಳೆದೆವು. ಅಲ್ಲಿನ ನರ್ಸಬಾಯಿ ಎತ್ತರದ ಹೆಂಗಸು, ಮಾತು ಕಮ್ಮಿ. ನಾಗುವಿನ ಕೈಯ ನರ ಸಿಗದೆ ಡಾಕ್ಟರೇ ಸೋತಾಗ ಮೊಣಕಾಲೂರಿ ಕೂತು, ಹುಡುಕಿ ಹುಡುಕಿ, ಕೊನೆಗೆ ಪಾದದಲ್ಲಿ ನರ ಹಿಡಿದವರು ಅವರು. ನಾಲ್ಕನೇ ದಿನ ಬೆಳಿಗ್ಗೆ ನಾಗು ಎದ್ದು ಕೂತು ಬನ್ನಿಗೆ ಕೈಚಾಚಿದಳು. ಮನೆಗೆ ಹೋಗಬಹುದು ಎಂದರು. ಆಯಿ ಸೆರಗಿಗೆ ಗಂಟು ಹಾಕಿ ಹೊರಟೇಬಿಟ್ಟಿದ್ದಳು. ಆಗ ನರ್ಸಬಾಯಿ ಒಂದು ಐಸಿನ ಡಬ್ಬಿ ಹಿಡಿದುಕೊಂಡು ಬಂದರು. ನಾಗುವಿಗೆ ದಡಾರದ ಸೂಜಿ ಒಂದು ಬಾಕಿ ಇದೆ, ಹೇಗೂ ಇಲ್ಲೇ ಇದ್ದೀರಿ, ಹಾಕಿಸಿಕೊಂಡೇ ಹೋಗಿ ಎಂದರು. ಎಂತಕ್ಕೆ ಕೇಳು ಎಂದು ಆಯಿ ಹಿಂದಿನಿಂದ ಪಿಸುಗುಟ್ಟಿದಳು. ನಾನು ಕೇಳಿದೆ.

“ಈ ಭೇದಿಗಲ್ಲ ಮಗಾ, ಮುಂದೆ ದಡಾರ ಬರದೇ ಇರೂಕೆ. ದುಡ್ಡಿಲ್ಲ. ಬಾಟ್ಲಿ ಒಡೆದಾಗಿದೆ ನೋಡು, ಇವತ್ತೇ ಖಾಲಿ ಆಗ್ಬೇಕು. ನಾಳೆಗೆ ಇಡೂಕೆ ಬರೂದಿಲ್ಲ.”

ನೀವೇ ಹೇಳಿ. ಮೀನು ಮಾರುವವಳ ಮಗಳಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾರಾದರೂ ಎಚ್ಚರಿಕೆ ಕೊಡಬಹುದೇ? ಕೇಳಿದ್ದಲ್ಲ. ದುಡ್ಡಿಲ್ಲ. ಇವತ್ತೇ ಖಾಲಿಯಾಗಬೇಕು. ನಾಳೆಗೆ ಉಳಿಯುವುದಿಲ್ಲ. ಬಿಸಿಲೇರಿದ ಮೇಲೆ ತಾರ್ಲೆ ಬುಟ್ಟಿ ಹಿಡಿದು ಕೂತವನು ಹೇಳುವ ಮಾತು ಇದೇ. ನಾನು ತಿರುಗಿ ಆಯಿಯ ಮುಖ ನೋಡಿದೆ. ಅವಳಿಗೂ ಅದೇ ಕೇಳಿಸಿತ್ತು. ಬೆನ್ನಿಗೆ ಬೆರಳು ಒಂದು ಸಲ ತಿವಿಯಿತು. ಆ ಸೂಜಿಯ ಬಾಟಲಿ ಒಡೆದ ಕೆಲವೇ ತಾಸಿನಲ್ಲಿ ಮುಗಿಸಬೇಕಾದದ್ದು, ಮುಗಿಯದಿದ್ದರೆ ಚೆಲ್ಲಬೇಕಾದದ್ದು, ನಮ್ಮಂಥವರ ಒಂದು ಮಗುವಿಗಾಗಿ ಹೊಸ ಬಾಟಲಿ ಒಡೆಯುವ ನರ್ಸು ಪುಣ್ಯವಂತೆ ಎಂಬುದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅವರು ಹೇಳಿದ್ದು ಅಕ್ಷರಶಃ ನಿಜ. ನಿಜ ಹೇಳಿದ್ದಕ್ಕೇ ನಾವು ನಂಬಲಿಲ್ಲ. ನಾನು ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಅಲ್ಲಿ ತೆಗೆದೆ. ಮೊದಲು ಹೊಗಳಿದೆ, ನಿಮ್ಮ ಕೈಗುಣದಿಂದಲೇ ತಂಗಿ ಉಳಿದಳು ಎಂದೆ. ಆಮೇಲೆ ಮಗು ನಿತ್ರಾಣವಾಗಿದೆ, ಒಂದು ಕಾಯಿಲೆ ಇಳಿಯುತ್ತಿರುವಾಗ ಇನ್ನೊಂದು ಸೂಜಿ ತಡೆದೀತೇ ಎಂದೆ. ಕೊನೆಗೆ, ಎದುರಿಗಿಲ್ಲದವರ ಹೆಸರು ಹೇಳಿದರೆ ಯಾರೂ ವಾದಿಸಲಾರರು ಎಂಬ ಆಯಿಯ ಪಾಠದಂತೆ ಅಪ್ಪನನ್ನು ಎಳೆದು ತಂದೆ. ಅವನನ್ನು ಕೇಳದೆ ಚುಚ್ಚಿಸಿದರೆ ಮನೆಯಲ್ಲಿ ರಂಪ ಆಗುತ್ತದೆ ಎಂದೆ. ನರ್ಸಬಾಯಿ ಸುಮ್ಮನೆ ಕೇಳಿಸಿಕೊಂಡರು. ಭೇದಿ ನಿಂತಿದೆ, ಸೂಜಿಗೆ ಏನೂ ಅಡ್ಡಿಯಿಲ್ಲ ಎಂದು ಒಮ್ಮೆ ಹೇಳಿದರು.

“ಇವತ್ತು ನೀವೂ ಇಲ್ಲಿದ್ದೀರಿ, ಮಗುನೂ ಇಲ್ಲಿದೆ, ಸೂಜಿನೂ ಇಲ್ಲಿದೆ. ಈ ಮೂರೂ ಮತ್ತೆ ಒಂದೇ ದಿನ ಸೇರೂದಿಲ್ಲ ಮಗಾ.”

“ಮುಂದಿನ ವಾರ ಕರ್ಕಂಡು ಬರ್ತೆ ಅಕ್ಕೋರೆ. ಆಣೆ.”

ಅವರ ಹಿಂದೆ ಇನ್ನೂ ನಾಲ್ಕು ಮಂಚ ಕಾಯುತ್ತಿದ್ದವು. ನಾಗುವಿನ ಸೂಜಿ ಕಾರ್ಡಿನ ಖಾಲಿ ಚೌಕದ ಪಕ್ಕ ಪೆನ್ಸಿಲಿನಲ್ಲಿ ಮುಂದಿನ ವಾರದ ತಾರೀಕು ಬರೆದು ನನ್ನ ಕೈಗೇ ಕೊಟ್ಟರು, ಆಯಿಯ ಕೈಗಲ್ಲ. ಬೆನ್ನಿಗೆ ಬೆರಳು ಎರಡು ಸಲ ತಿವಿಯಿತು. ನಡೆದೆವು. ಮನೆಗೆ ಬಂದ ಮೇಲೆ ಆಯಿ ಇದನ್ನು ಅಜ್ಜಿಗೆ ಹೇಳಿದಳು. ಮರುದಿನ ದಡದಲ್ಲಿ ಹೇಳಿದಳು. ಆಮೇಲೆ ಬುಟ್ಟಿ ಹೊತ್ತು ಹೋದ ಮನೆಮನೆಯ ಜಗಲಿಯಲ್ಲೂ ಹೇಳಿದಳು. ನರ್ಸಬಾಯಿ ಎಷ್ಟು ಎತ್ತರ, ನಾನು ಎಷ್ಟು ಗಿಡ್ಡ, ಸೂಜಿ ಎಷ್ಟು ಉದ್ದ ಎಂದು ದಿನಕ್ಕಿಷ್ಟು ಬೆಳೆಸುತ್ತ ಹೋದಳು. ಕತೆ ಮುಗಿಯುವುದು ಮಾತ್ರ ಯಾವಾಗಲೂ ಒಂದೇ ರೀತಿ, ನನ್ನ ಮಗಳ ಬಾಯಿ ಮುಂದೆ ಸೂಜಿಯೇ ಮೊಂಡಾಯಿತು ಎಂದು. ಒಂದು ದಿನ ನನ್ನ ಎಲೆಗೆ ಇಡೀ ಒಂದು ಬಂಗಡೆ ಬಿತ್ತು. ಮಾರುವ ಮೀನು ಅದು. ನಾನು ಮುಳ್ಳನ್ನೂ ಬಿಡದೆ ಚೀಪಿದೆ.

ಮುಂದಿನ ವಾರ ಬಂತು. ದಡಕ್ಕೆ ಬೋಟುಗಟ್ಟಲೆ ತಾರ್ಲೆ ಬಂದು ಬಿದ್ದ ವಾರ ಅದು, ಆಯಿಗೆ ತಲೆ ಬಾಚಲೂ ಬಿಡುವಿಲ್ಲ. ನಾನು ಕಾರ್ಡು ತೆಗೆದು ತೋರಿಸಿದೆ, ಇಲ್ಲ ಎನ್ನುವುದಿಲ್ಲ. ಆಣೆ ಹಾಕಿದ್ದೆನಲ್ಲ. ಅಜ್ಜಿ ನಾಗುವಿನ ತುಂಬಿದ ಕೆನ್ನೆ ಹಿಂಡಿ, ಆಟ ಆಡುವ ಮಗುವನ್ನು ಯಾರಾದರೂ ಚುಚ್ಚಿಸಿ ಅಳಿಸುತ್ತಾರಾ ಎಂದಳು. ಕಾರ್ಡು ಮತ್ತೆ ದೇವರ ಪಟದ ಹಿಂದೆ ಹೋಯಿತು. ಇದನ್ನು ಓದುತ್ತಿರುವ ತಾಯಂದಿರೇ, ಇಲ್ಲಿ ಸ್ವಲ್ಪ ನಿಲ್ಲಿ. ಮಗು ಹುಷಾರಿಲ್ಲದಾಗ, ಅಯ್ಯೋ ಹುಷಾರಿಲ್ಲ, ಈಗ ಬೇಡ. ಹುಷಾರಾದಾಗ, ಹುಷಾರಾಗಿಯೇ ಇದೆಯಲ್ಲ, ಈಗ್ಯಾಕೆ. ಈ ಎರಡು ಮಾತಿನ ನಡುವೆ ಮೂರನೆಯ ದಿನ ಎಂಬುದು ಇಲ್ಲವೇ ಇಲ್ಲ. ನಾನು ದಿನವೂ ಸಂತೆಯಲ್ಲಿ ನಿಂತವಳು, ಇಂಥ ಎಷ್ಟೋ ಮಾತಿನ ಬಲೆಯನ್ನು ಬಿಡಿಸಿದ್ದೇನೆ. ನಮ್ಮದೇ ಮನೆಯಲ್ಲಿ ನೇಯ್ದದ್ದು ಮಾತ್ರ ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ದೇವರು ಇನ್ನೊಂದು ಸಲ ಬಾಗಿಲು ತೆರೆದ. ನಾಲ್ಕು ತಿಂಗಳ ಮೇಲೆ ಆಯಿ ಮೀನು ಹೆಚ್ಚುವಾಗ ಅಂಗೈ ಕೊಯ್ದುಕೊಂಡಳು. ಹೊಲಿಗೆ ಹಾಕಿಸಲು ಅದೇ ಆಸ್ಪತ್ರೆಗೆ ಹೋದೆವು. ನಾಗು ನನ್ನ ಸೊಂಟದ ಮೇಲೆ. ಅಷ್ಟರಲ್ಲಿ ಅವಳಿಗೆ ಎರಡು ಮಾತು ಬಂದಿದ್ದವು. ಒಂದು “ಅಕ”. ಅದು ನಾನು. ಇನ್ನೊಂದು ಆಯಿಯ ಕೂಗು. ಬಲಗೈ ತಲೆಯ ಪಕ್ಕ ಎತ್ತಿ, ಇಲ್ಲದ ಬುಟ್ಟಿಯನ್ನು ಹಿಡಿದುಕೊಂಡು, ಕೊರಳು ಉದ್ದ ಮಾಡಿ “ಮೀಊ…” ಎನ್ನುತ್ತಿದ್ದಳು. ಕೇರಿಯ ಹೆಂಗಸರು ಅದನ್ನು ಕೇಳಲೆಂದೇ ನಮ್ಮ ಜಗಲಿಗೆ ಬರುತ್ತಿದ್ದರು. ಆಯಿ ಒಳಗೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದಾಗ ನಾವಿಬ್ಬರೂ ಹೊರಗಿನ ಕಂಬದ ಹತ್ತಿರ ನಿಂತಿದ್ದೆವು. ಆಚೆ ತುದಿಯಲ್ಲಿ ಐಸಿನ ಡಬ್ಬಿ ಹಿಡಿದು ನರ್ಸಬಾಯಿ ಬರುವುದು ಕಂಡಿತು. ಅವರು ನಮ್ಮನ್ನು ನೋಡಿರಲಿಲ್ಲ. ಆಣೆ ಮುರಿದವಳು ನಾನು. ಕಂಬದ ಹಿಂದೆ ಸರಿದೆ. ಅದೇ ಹೊತ್ತಿಗೆ ಸೊಂಟದ ಮೇಲಿದ್ದ ನಾಗು ಕೈಯೆತ್ತಿದಳು. ಈಗ ಕೂಗುತ್ತಾಳೆ ಎಂದು ಗೊತ್ತಾಗಿ ನಾನು ಅವಳ ಬಾಯಿಯನ್ನು ಅಂಗೈಯಿಂದ ಮುಚ್ಚಿಬಿಟ್ಟೆ. ನರ್ಸಬಾಯಿ ದಾಟಿ ಹೋದರು. ನಾಗು ನನ್ನ ಬೆರಳಿನ ಸಂದಿಯಿಂದ ನಗುತ್ತಿದ್ದಳು, ಅವಳಿಗೆ ಅದು ಆಟ. ಇಷ್ಟು ವರ್ಷದಲ್ಲಿ ನಾನು ಮಾಡಿದ ವ್ಯಾಪಾರದಲ್ಲಿ ಗೆದ್ದದ್ದು, ಸೋತದ್ದು ಎಲ್ಲ ಮರೆತಿದ್ದೇನೆ. ಅಂಗೈಗೆ ತಾಗಿದ ಆ ಬಿಸಿ ಉಸಿರು ಮಾತ್ರ ಇನ್ನೂ ಅಲ್ಲೇ ಇದೆ.

ಬೇಸಿಗೆಯ ಮೊದಲಿಗೆ ಕೇರಿಯಲ್ಲಿ ದಡಾರ ಎದ್ದಿತು. ಶಾಲೆಯಲ್ಲಿ ನನ್ನ ಸಾಲಿನ ಹುಡುಗಿಯರು ಒಬ್ಬೊಬ್ಬರೇ ಕಾಣೆಯಾದರು. ನಾಗುವಿಗೆ ಮೊದಲು ಕಣ್ಣು ಕೆಂಪಾಯಿತು, ಮೂಗು ಸೋರಿತು, ನಾಲ್ಕನೇ ದಿನ ಕಿವಿಯ ಹಿಂದಿನಿಂದ ಗುಳ್ಳೆ ಇಳಿದು ಮೈ ತುಂಬಿತು. ಅಮ್ಮ ಬಂದಿದ್ದಾಳೆ ಎಂದು ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆಯ ಸದ್ದು ಆಗಬಾರದು, ಮೀನು ಬೇಯಬಾರದು, ತಲೆ ಬಾಚಬಾರದು, ಹೋದವರು ಬಂದವರಿಗೆ ಏನೂ ಕೊಡಬಾರದು. ಬುಟ್ಟಿಯನ್ನು ಹಿತ್ತಲಿನ ಹಲಸಿನ ಮರಕ್ಕೆ ನೇತುಹಾಕಿದರು. ಹುಟ್ಟಿದಾಗಿನಿಂದ ಮೀನಿನ ವಾಸನೆಯಲ್ಲೇ ಉಸಿರಾಡಿದ ನನಗೆ ಆ ಮನೆ ಯಾರದೋ ಮನೆಯ ಹಾಗೆ ಆಯಿತು. ಉಪ್ಪು ಗಂಜಿ, ಬೇವು, ಎಳನೀರು. ಆಯಿ ಮಗುವಿನ ಪಕ್ಕ ಕೂತೇ ಇದ್ದಳು. ಆಸ್ಪತ್ರೆಗೆ ಹೋಗೋಣವೇ ಎಂದು ನಾನು ಒಮ್ಮೆ ಕೇಳಿದೆ. ಅಮ್ಮನನ್ನು ಮನೆಯಿಂದ ಎತ್ತಿಕೊಂಡು ಹೋಗುವುದುಂಟೇ ಎಂದು ಅಜ್ಜಿ ಹೆದರಿ ಕೆನ್ನೆಗೆ ಬಡಿದುಕೊಂಡಳು. ನಾನೂ ಅದನ್ನು ಅಲ್ಲಿಗೇ ಬಿಟ್ಟೆ. ಆಸ್ಪತ್ರೆ ಎಂದರೆ ನನಗೆ ಆ ಕಂಬ ಕಾಣುತ್ತಿತ್ತು. ಯಾರ ಹತ್ತಿರ ವಾದಿಸುವುದು? ಅಮ್ಮನ ಹತ್ತಿರವೇ? ದರ ಹೇಳದವರ ಜೊತೆ ಚೌಕಾಸಿ ಮಾಡುವ ವಿದ್ಯೆಯನ್ನು ನನಗೆ ಯಾರೂ ಕಲಿಸಿರಲಿಲ್ಲ.

ಜ್ವರ ಇಳಿಯಿತು. ಬೇವು ಅರಿಶಿನದ ನೀರು ಹೊಯ್ದು, ಮಾರಿಯ ಕಟ್ಟೆಗೆ ಮೊಸರನ್ನ ಇಟ್ಟು ಬಂದು, ಬುಟ್ಟಿಯನ್ನು ಮರದಿಂದ ಇಳಿಸಿದರು. ಎಲ್ಲ ಮುಗಿಯಿತು ಅಂದುಕೊಂಡೆವು. ಆದರೆ ನಾಗುವಿನ ಎರಡೂ ಕಿವಿ ಸೋರುತ್ತಿದ್ದವು. ಅಜ್ಜಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಬಿಟ್ಟಳು. ಅದು ಮಾಡಬಾರದ್ದು, ನೀವು ಯಾರೂ ಮಾಡಬೇಡಿ. ಸೋರುವುದು ನಿಂತಿತು. ಮಗು ತಿನ್ನತೊಡಗಿತು, ನಡೆಯತೊಡಗಿತು. ಒಂದು ಮಧ್ಯಾಹ್ನ ನಾಗು ಬಾಗಿಲಿಗೆ ಬೆನ್ನು ಹಾಕಿ ಕೂತು ಚಿಪ್ಪಿನಲ್ಲಿ ಮರಳು ತುಂಬುತ್ತಿದ್ದಳು. ಗದ್ದೆಯ ಅಂಚಿನಿಂದ ಆಯಿಯ ಕೂಗು ಕೇಳಿತು. ಬೇರೆ ದಿನವಾದರೆ ಕೈಯೆತ್ತಿಕೊಂಡು ಓಡಬೇಕಿತ್ತು. ನಾಗು ಮರಳು ತುಂಬುತ್ತಲೇ ಇದ್ದಳು. ಆಯಿ ಅಂಗಳಕ್ಕೆ ಬಂದು ಇನ್ನೊಮ್ಮೆ ಕೂಗಿದಳು, ತಮಾಷೆಗೆ, ಹತ್ತಿರದಿಂದ. ಆಮೇಲೆ ಇನ್ನೊಮ್ಮೆ, ತಮಾಷೆಗಲ್ಲ. ತಲೆಯಿಂದ ಬುಟ್ಟಿ ಇಳಿಸಿ, ಅದರಲ್ಲಿದ್ದ ಅಲ್ಯುಮಿನಿಯಂ ತಟ್ಟೆ ತೆಗೆದು, ನಾಗುವಿನ ಬೆನ್ನ ಹಿಂದೆ ಕಲ್ಲಿನ ಮೇಲೆ ಬೀಳಬಿಟ್ಟಳು. ಒಳಗೆ ಮಲಗಿದ್ದ ಅಜ್ಜಿ ಎದ್ದು ಬಂದಳು, ಪಕ್ಕದ ಮನೆಯ ನಾಯಿ ಬೊಗಳಿತು. ನಾಗು ಚಿಪ್ಪನ್ನು ಮಗುಚಿ, ಮರಳಿನ ಗುಡ್ಡೆ ನೋಡಿ ತನ್ನಷ್ಟಕ್ಕೆ ನಕ್ಕಳು.

ಅಪ್ಪನಿಗೆ ಹೇಳಿಕಳಿಸಿ ಕರೆಸಿಕೊಂಡು ನಾಲ್ವರೂ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಹೋದೆವು. ಬಸ್ಸಿನಲ್ಲಿ ಅಪ್ಪ ನಾಗುವಿನ ಕಿವಿಯ ಹತ್ತಿರ ಚಿಟಿಕೆ ಹೊಡೆಯುತ್ತಲೇ ಇದ್ದ, ಕೈ ನೋಯುವವರೆಗೆ. ಡಾಕ್ಟರು ಏನೇನೋ ಯಂತ್ರದಲ್ಲಿ ನೋಡಿ, ದಡಾರದಿಂದ ಒಳಗಿನ ನರವೇ ಹೋಗಿದೆ, ಎರಡೂ ಕಡೆ, ಇದಕ್ಕೆ ಔಷಧವಿಲ್ಲ ಎಂದರು. ಸೂಜಿ ಹಾಕಿಸಿದ್ದಿರಾ ಎಂದು ಕೇಳಿದರು. ಆಯಿ ನೆಲ ನೋಡಿದಳು. ಅಪ್ಪನಿಗೆ ಗೊತ್ತಿರಲಿಲ್ಲ, ಅವನು ಆಯಿಯನ್ನು ನೋಡಿದ. ಆ ಹೊತ್ತಿಗೆ ನನ್ನ ಬೆನ್ನಿಗೆ ಬೆರಳು ತಿವಿಯಿತು, ಒಂದೇ ಸಲ. ಬಿಡಬೇಡ ಎಂದು. ನಾನು ಮೇಜಿನ ಹತ್ತಿರ ಹೋದೆ.

“ಎರಡೂ ಬೇಡ ಡಾಕ್ಟ್ರೆ. ಒಂದು ಕಿವಿಯಾದ್ರೂ ಆಗೂದಿಲ್ವಾ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಇನ್ನೂ ಇಳಿಸಿದೆ. ಅರ್ಧ ಕಿವಿಯಾದರೂ, ಜೋರು ಕೂಗಿದರೆ ಮಾತ್ರ ಕೇಳುವಷ್ಟಾದರೂ, ಆಯಿಯ ಕೂಗು ಒಂದಾದರೂ. ಅಪ್ಪ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ. ಬೆನ್ನಿನ ಮೇಲೆ ಎರಡನೇ ತಿವಿತ ಬರಲೇ ಇಲ್ಲ.

ಅಪ್ಪ ಬೈಯಲಿಲ್ಲ. ನಾಲ್ಕು ದಿನ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆದು ಬೋಟಿಗೆ ಮರಳಿದ. ಮನೆಯಲ್ಲಿ ಜಗಳ ಶುರುವಾದದ್ದು ಆಮೇಲೆ, ಆಯಿಗೂ ಅಜ್ಜಿಗೂ. ಹರಕೆ ಬಾಕಿ ಇತ್ತು ಎಂದು ಅಜ್ಜಿ, ಕಿವಿಗೆ ಎಣ್ಣೆ ಬಿಟ್ಟವರು ಯಾರು ಎಂದು ಆಯಿ. ಒಲೆಯ ಹತ್ತಿರ ಶುರುವಾದದ್ದು ಬಾವಿಕಟ್ಟೆಯವರೆಗೆ ಹೋಗುತ್ತಿತ್ತು. ನೂರು ಸಲ ಜಗಳವಾಡಿದರು, ಒಂದು ಸಲವೂ ಇಬ್ಬರೂ ಸೂಜಿಯ ಹೆಸರೆತ್ತಲಿಲ್ಲ. ನಾನು ತಟ್ಟೆಯ ಮುಂದೆ ಕೂತು, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಹೇಳಿದ್ದರೆ ಅಳಬಹುದಿತ್ತು, ವಾದಿಸಬಹುದಿತ್ತು, ಕಾಲು ಹಿಡಿಯಬಹುದಿತ್ತು. ಮನೆಮನೆಯ ಜಗಲಿಯಲ್ಲಿ ಬೆಳೆದ ಕತೆ, ಸೂಜಿ ಮೊಂಡಾದ ಕತೆ, ಒಂದೇ ದಿನದಲ್ಲಿ ಊರಿನಿಂದ ಮಾಯವಾಯಿತು. ಅದನ್ನು ಕೇಳಿ ನಕ್ಕವರು ನನ್ನನ್ನು ಕಂಡರೆ ಸುಮ್ಮನೆ ತಲೆ ಸವರಿ ಹೋಗುತ್ತಿದ್ದರು. ನಾಗುವಿನ ಕೂಗು ಮಾತ್ರ ಒಂದೇ ದಿನದಲ್ಲಿ ಹೋಗಲಿಲ್ಲ. ಕೆಲವು ತಿಂಗಳು ಅವಳು ಕೈಯೆತ್ತಿ ಕೂಗುತ್ತಲೇ ಇದ್ದಳು. ಮೊದಲು “ಮೀಊ”, ಆಮೇಲೆ “ಈಊ”, ಆಮೇಲೆ ಬರೀ ಗಂಟಲಿನ ಒಂದು ಸದ್ದು. ಕೇಳಿ ತಿದ್ದಿಕೊಳ್ಳಲು ಕಿವಿಯಿಲ್ಲದ ಮೇಲೆ ಮಾತು ಬಿಸಿಲಿಗಿಟ್ಟ ಐಸಿನ ಹಾಗೆ. ಮಳೆಗಾಲ ಬರುವ ಹೊತ್ತಿಗೆ ಸದ್ದೂ ಹೋಗಿ ಎತ್ತಿದ ಕೈ ಒಂದು ಉಳಿಯಿತು. ಇಂದಿಗೂ ನಮ್ಮಿಬ್ಬರ ನಡುವೆ ಆಯಿ ಎಂದರೆ ಅದೇ, ತಲೆಯ ಪಕ್ಕ ಎತ್ತಿದ ಕೈ. “ಅಕ” ಎನ್ನುವುದು ಯಾವ ದಿನ ಹೋಯಿತು ಎಂದು ನನಗೆ ಗೊತ್ತಿಲ್ಲ. ನೋಡದೆ ಬಿಟ್ಟೆ.

ಆಮೇಲೆ ನಾನು ಬೆಳೆದೆ, ಬುಟ್ಟಿ ಹೊತ್ತೆ, ಬುಟ್ಟಿಯಿಂದ ಗೋದಾಮಿಗೆ ಬಂದೆ. ನಾಗುವನ್ನು ಕುಮಟೆಯ ಹೊಳನಗದ್ದೆಗೆ ಕೊಟ್ಟೆವು. ಅವಳಿಗೆ ಶ್ವೇತಾ ಹುಟ್ಟಿದಾಗ ಬಾಣಂತನಕ್ಕೆ ನಾನು ಹೋಗಿ ಕೂತೆ. ಪಕ್ಕದಲ್ಲಿ ಮಲಗಿದ ಮಗುವಿನ ಎದೆಯ ಮೇಲೆ ನಾಗು ಅಂಗೈ ಇಟ್ಟೇ ನಿದ್ದೆ ಮಾಡುತ್ತಿದ್ದಳು. ಎದೆ ಅದುರಿದರೆ ಎಚ್ಚರವಾಗಿ, ನನ್ನ ಕಡೆ ನೋಡಿ, ಬಾಯಿಯ ಹತ್ತಿರ ಬೆರಳು ಬಿಡಿಸಿ ಮುಚ್ಚಿ ಕೇಳುತ್ತಿದ್ದಳು, ಅಳುತ್ತಿದೆಯೇ? ಎಷ್ಟು? ನಾನು ಎರಡೂ ಕೈ ಅಗಲಿಸಿ, ಮೀನಿನ ಅಳತೆ ತೋರಿಸುವ ಹಾಗೆ ತೋರಿಸುತ್ತಿದ್ದೆ. ಮಗುವಿಗೆ ಹಾಕಿಸಬೇಕಾದ ಸೂಜಿಗಳನ್ನೆಲ್ಲ ನಾನೇ ಮುಂದೆ ನಿಂತು ಹಾಕಿಸಿದೆ. ಯಾಕೆ ಅಷ್ಟು ಗಡಿಬಿಡಿ ಎಂದು ನಾಗು ಕೈಸನ್ನೆಯಲ್ಲಿ ಕೇಳಿ ನಗುತ್ತಿದ್ದಳು. ತನ್ನ ಕಿವಿಯನ್ನು ಅಮ್ಮ ತೆಗೆದುಕೊಂಡು ಹೋದಳು ಎಂದಷ್ಟೇ ಅವಳಿಗೆ ಗೊತ್ತು. ಕಂಬವನ್ನು, ಬಾಟಲಿಯನ್ನು, ಆಣೆಯನ್ನು ಯಾವ ಸನ್ನೆಯಲ್ಲಿ ಹೇಳಲಿ? ನಮ್ಮ ಕೈಭಾಷೆಯಲ್ಲಿ ಅದಕ್ಕೆ ಸನ್ನೆಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ಕಳೆದೆ. ಎಂಥ ಸನ್ನೆಯನ್ನಾದರೂ ಕಟ್ಟಬಲ್ಲೆ, ಅದೂ ನನಗೆ ಗೊತ್ತು.

ಈಚೆಗೆ ಶ್ವೇತಾಳ ಮಗಳಿಗೆ ಕಫ ಕಟ್ಟಿ ಕುಮಟೆಯ ಒಂದು ಆಸ್ಪತ್ರೆಯಲ್ಲಿ ಐದು ದಿನ ಇಟ್ಟಿದ್ದರು. ಮಗುವಿಗೆ ಒಂದೂವರೆ ವರ್ಷ. ಬಿಡುವ ದಿನ ನಾನು ಹೊನ್ನಾವರದಿಂದ ಹೋದೆ. ನಾಗು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು, ಶ್ವೇತಾ ಚೀಲ ಕಟ್ಟುತ್ತಿದ್ದಳು. ಚಿಕ್ಕ ವಯಸ್ಸಿನ ನರ್ಸು ಕಾರ್ಡು ನೋಡಿ, ದಡಾರದ ಎರಡನೇ ಸೂಜಿ ಬಾಕಿ ಇದೆ, ಜ್ವರ ಇಳಿದಿದೆ, ಹಾಕಿಸಿಕೊಂಡೇ ಹೋಗಿ ಎಂದಳು. ಶ್ವೇತಾ ನನ್ನ ಕೈಕೆಳಗೆ ಗೋದಾಮಿನಲ್ಲಿ ಎರಡು ವರ್ಷ ವ್ಯಾಪಾರ ಕಲಿತವಳು. ಅವಳು ಮೊದಲು ನರ್ಸನ್ನು ಹೊಗಳಿದಳು. ಆಮೇಲೆ ಮಗು ನಿತ್ರಾಣವಾಗಿದೆ ಎಂದಳು. ಆಮೇಲೆ ಮಗುವಿನ ಅಪ್ಪನನ್ನು ಕೇಳಬೇಕು, ಮುಂದಿನ ವಾರ ಬರುತ್ತೇನೆ ಎಂದಳು. ಒಂದೊಂದು ಮಾತೂ ನನ್ನದು, ಸಾಲು ಕೂಡ ತಪ್ಪಿಲ್ಲ. ಜಗತ್ತಿಗೆಲ್ಲ ಉಪದೇಶ ಮಾಡುವವಳು ಅಲ್ಲಿ ಗೋಡೆ ಹಿಡಿದು ನಿಂತೆ, ಹಿಂದೆ ಆಯಿ ನಿಲ್ಲುತ್ತಿದ್ದಂತೆ. ನರ್ಸು ಕಾರ್ಡು ಮಡಿಸತೊಡಗಿದಳು.

“ನಿನ್ನ ಆಯಿಗೂ ಹೀಂಗೇ ಒಂದು ಸಲ ತಪ್ಪಿತ್ತು,” ಎಂದೆ.

“ಯಾರು ತಪ್ಸಿದ್ದು ದೊಡ್ಡಾಯಿ?”

“ನಾನು.”

ಶ್ವೇತಾ ನನ್ನನ್ನು ನೋಡಿದಳು, ತನ್ನ ಆಯಿಯನ್ನು ನೋಡಿದಳು. ನಾಗು ಇಬ್ಬರ ಮುಖವನ್ನೂ ನೋಡಿ ಏನು ಎಂದು ಹುಬ್ಬೆತ್ತಿದಳು. ನಾನು ಏನಿಲ್ಲ ಎಂದು ಕೈಯಾಡಿಸಿದೆ. ಶ್ವೇತಾ ಚೀಲ ಕೆಳಗಿಟ್ಟು ಮಗುವಿನ ತೋಳು ಬಿಡಿಸಿ ಹಿಡಿದಳು. ಸೂಜಿ ಒಳಗೆ ಹೋಗಿ ಹೊರಗೆ ಬಂತು. ಮಗು ಒಂದು ಗಳಿಗೆ ಉಸಿರು ಹಿಡಿದು ಆಸ್ಪತ್ರೆಯೆಲ್ಲ ಕೇಳುವಂತೆ ಅತ್ತಿತು. ನಾಗು ಅದರ ಎದೆಯ ಮೇಲೆ ಅಂಗೈ ಇಟ್ಟು, ನನ್ನ ಕಡೆ ತಿರುಗಿ, ಬಾಯಿಯ ಹತ್ತಿರ ಬೆರಳು ಬಿಡಿಸಿ ಮುಚ್ಚಿದಳು. ಎಷ್ಟು? ನಾನು ಎರಡೂ ಕೈಯನ್ನು ಆದಷ್ಟು ಅಗಲಿಸಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಅವಳೂ ಅದೇ ಆಯಿಯ ಮಗಳು. ನಗುತ್ತ, ಅಷ್ಟೆಲ್ಲ ಇರಲಾರದು ಎಂದು ತಲೆಯಾಡಿಸಿ, ನನ್ನ ಕೈ ಹಿಡಿದು ಒಳಗೆ ಒತ್ತಿ ಅಳತೆ ಇಳಿಸಲು ನೋಡಿದಳು. ನಾನು ಇಳಿಸಲಿಲ್ಲ. ಮಗುವಿನ ಅಳು ನಿಲ್ಲುವವರೆಗೂ ಕೈಯನ್ನು ಹಾಗೇ ಹಿಡಿದುಕೊಂಡು ನಿಂತೆ.